ಅವರೆಕಾಯಿ ಕಾಲಕ್ಕೊಂದು ಕೆಂಪು ವೈನ್

ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಅಕ್ಕನ ಮನೆಯ ಮಹಡಿ. ಜನವರಿಯ ರಾತ್ರಿ, ಎಲ್ಲರ ಮೈಮೇಲೂ ಸ್ವೆಟರ್. ಕೆಳಗಿನ ಅಡುಗೆಮನೆಯಿಂದ ಅವರೆಕಾಳು ಉಸಲಿಯ ಒಗ್ಗರಣೆ ಮೆಟ್ಟಿಲು ಹತ್ತಿ ಬರುತ್ತಿದೆ. ಕಟ್ಟೆಯ ಮೇಲೆ ಎರಡು ಬಾಟಲಿ. ಒಂದು ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಲಾ ರಿಸರ್ವ್. ಇನ್ನೊಂದು, ಅಕ್ಕನ ಮಗಳು ಲಿಯಾನ್‌ನಿಂದ ಬಟ್ಟೆಗಳ ನಡುವೆ ಸುತ್ತಿ ತಂದ ಕ್ರೋಜ್-ಎರ್ಮಿತಾಜ್, 2021ರದ್ದು. ಎರಡನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದಿದ್ದಾಳೆ. ಕೆಂಪು ವೈನಿಗೆ ಹದಿನಾರು ಹದಿನೇಳು ಡಿಗ್ರಿಯೇ ಹದ. ಈ ಚಳಿಯಲ್ಲಿ ಅದು ಬೇಗ ಕೆಡುವುದಿಲ್ಲ. ಏಪ್ರಿಲ್ಲಿನಲ್ಲಾದರೆ ಗ್ಲಾಸು ಮುಗಿಯುವುದರೊಳಗೆ ಬಿಸಿಯಾಗಿ ಬರೀ ಸ್ಪಿರಿಟ್ಟು ಮೂಗಿಗೆ ಬಡಿಯುತ್ತದೆ.

ಸುರಿದಾಗಲೇ ವ್ಯತ್ಯಾಸ ಕಂಡಿತು. ನಂದಿಯದ್ದು ಗಾಢ ನೇರಳೆ, ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣದು. 2021ರದ್ದು ತಿಳಿಗೆಂಪು, ಅಂಚಿಗೆ ಬಂದಂತೆ ಗುಲಾಬಿ. ಹಿಂದೆ ಹಿಡಿದ ಬೆರಳಿನ ಉಂಗುರವೂ ಮಸುಕುಮಸುಕಾಗಿ ತೋರುತ್ತಿತ್ತು.

‘ಏನೇ ಪುಟ್ಟಿ, ನೀರು ಬೆರೆಸಿ ಮಾರಿದ್ದಾರಾ?’ ಎಂದರು ಭಾವ.

‘ಅವಸರ ಮಾಡ್ಬೇಡಿ ಪಪ್ಪ. ಮಾಮ, ನೀನು ಮೊದಲು ಮೂಸಿ ನೋಡು.’

ಬಣ್ಣ ತೆಳುವಾಗಲು ಕಾರಣವಿತ್ತು. 2021ರ ಏಪ್ರಿಲ್ ಮೊದಲ ವಾರ ಆ ವೈನಿನ ಊರಾದ ರೋನ್ ಕಣಿವೆಯಲ್ಲಿ ಹಿಮ ಕಟ್ಟಿ, ಆಗಷ್ಟೇ ಒಡೆದಿದ್ದ ಚಿಗುರು ಕರಕಲಾಯಿತು. ರೈತರು ರಾತ್ರಿಯಿಡೀ ಬಳ್ಳಿಗಳ ಸಾಲಿನಲ್ಲಿ ಮೇಣದ ಡಬ್ಬಿ, ಹುಲ್ಲಿನ ಮೆದೆ ಉರಿಸಿದರು; ಬೆಳಗಾದಾಗ ಕಣಿವೆ ತುಂಬ ಹೊಗೆ. ಆಮೇಲಿನ ಬೇಸಿಗೆಯೂ ತಂಪು. ಉಳಿದ ಹಣ್ಣು ನಿಧಾನವಾಗಿ ಕಳಿತು, ಸಕ್ಕರೆ ಕಡಿಮೆ ಕೂಡಿತು, ಹುಳಿ ಉಳಿಯಿತು. ಸಕ್ಕರೆ ಕಡಿಮೆಯಾದರೆ ಆಲ್ಕೋಹಾಲೂ ಕಡಿಮೆ. ನಮ್ಮ ನಂದಿಯ ಲೆಕ್ಕವೇ ಬೇರೆ. ಅಲ್ಲಿ ಸೆಪ್ಟೆಂಬರ್–ಅಕ್ಟೋಬರಿನ ಚಾಟನಿಯ ನಂತರ ಬಿಟ್ಟ ಗೊಂಚಲು, ಬಿಸಿಲು ಏರುವ ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಮೈಕೈ ತುಂಬಿಕೊಂಡ ವೈನ್ ಅದು, ಮೊದಲ ಗುಟುಕಿಗೇ ಒಲಿಯುತ್ತದೆ. ತಂಪು ವರ್ಷದ್ದು ಹಾಗಲ್ಲ, ಸ್ವಲ್ಪ ಕಾಯಿಸುತ್ತದೆ. ನನ್ನ ಓಟು ಕಾಯಿಸುವುದಕ್ಕೇ.

ಗ್ಲಾಸು ಆಡಿಸಿ ಮೂಸಿದೆ. ಮೊದಲಿಗೆ ಏನೂ ಇಲ್ಲ. ಮತ್ತೆ ಆಡಿಸಿದಾಗ ಒದ್ದೆ ಎಲೆ, ಹುಳಿ ಚೆರ್ರಿ, ಹಿಂದಿನಿಂದ ಇನ್ನೇನೋ ಒಂದು, ಬಾಯಿಗೆ ಬರುತ್ತಿದೆ, ಹೆಸರು ಸಿಗುತ್ತಿಲ್ಲ. ಉಸಲಿ ತಂದಿಟ್ಟ ಅಕ್ಕ ‘ಕೊಡಿಲ್ಲಿ’ ಎಂದು ಗ್ಲಾಸು ಕಿತ್ತುಕೊಂಡಳು. ಅವಳು ಒಂದು ಹನಿ ಕುಡಿಯುವವಳಲ್ಲ.

‘ಕಾಳುಮೆಣಸು ಕಣೋ ಇದು. ಈಗ ತಾನೇ ಕುಟ್ಟಿದ್ದು.’

‘ನನಗೇನೂ ಬರ್ತಿಲ್ವಲ್ಲ!’ ಭಾವನ ತಕರಾರು.

ಇಬ್ಬರೂ ಸರಿ. ಈ ವೈನಿನ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿ ರೊಟುಂಡೋನ್ ಎಂಬ ವಸ್ತುವಿದೆ. ಕರಿಮೆಣಸಿನ ಘಮವೂ ಅದರದ್ದೇ. ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಪತ್ತೆ ಹಚ್ಚಿದ್ದು. ಬಿಸಿಲು ಹೆಚ್ಚಾದರೆ ಅದು ಕುಗ್ಗುತ್ತದೆ, ತಂಪು ವರ್ಷದಲ್ಲಿ ಹಿಗ್ಗುತ್ತದೆ. ಐವರಲ್ಲಿ ಒಬ್ಬರ ಮೂಗಿಗೆ ಮಾತ್ರ ಅದು ತಾಗುವುದೇ ಇಲ್ಲ. ಆ ಒಬ್ಬರು ನಮ್ಮ ಭಾವ.

ಗುಟುಕು ಬಾಯಲ್ಲಿಟ್ಟುಕೊಂಡರೆ ಪುನರ್ಪುಳಿ ಸಾರಿನಂಥ ಹುಳಿ, ನಾಲಗೆಯ ಅಂಚಿನಲ್ಲಿ ನೀರೂರುತ್ತದೆ. ಒಗರು ಇದೆ, ಆದರೆ ವಸಡಿಗೆ ಅಂಟಿಕೊಳ್ಳದೆ ನುಣ್ಣಗೆ ಜಾರಿಹೋಗುತ್ತದೆ. ನುಂಗಿದ ಮೇಲೂ ಮೆಣಸು ಗಂಟಲಲ್ಲಿ ಸುಳಿಯುತ್ತಿರುತ್ತದೆ.

ಅಕ್ಕಿರೊಟ್ಟಿ ಬಂತು, ಹಸಿಮೆಣಸಿನಕಾಯಿ ಕೈಬಿಚ್ಚಿ ಹಾಕಿದ್ದು. ರೊಟ್ಟಿಯ ಜೊತೆ ನಂದಿಯದ್ದನ್ನು ಕುಡಿದ ಭಾವ ‘ಉಸ್ಸ್’ ಎಂದರು. ಒಗರೂ ಆಲ್ಕೋಹಾಲೂ ಖಾರವನ್ನು ಕೆರಳಿಸುತ್ತವೆ. ಆ ವೈನಿಗೆ ಮಟನ್ ಇರಬೇಕಿತ್ತು, ಈ ಮನೆಯಲ್ಲಿ ಅದು ಆಗದ ಮಾತು. ಆಮೇಲೆ ಭಾವನ ಕೈ ತಾನಾಗಿ ‘ನೀರು ಬೆರೆಸಿದ’ ಬಾಟಲಿಯತ್ತ ಹೋಯಿತು, ಮತ್ತೆ ಹಿಂದಕ್ಕೆ ಬರಲಿಲ್ಲ. ಹುಳಿ ಖಾರದ ಬಾಯಿ ತೊಳೆದು ಇನ್ನೊಂದು ತುತ್ತಿಗೆ ಜಾಗ ಮಾಡಿಕೊಡುತ್ತಿತ್ತು.

ಅಕ್ಕ ಮಾತ್ರ ಖಾಲಿ ಗ್ಲಾಸನ್ನೇ ಮತ್ತೆ ಮತ್ತೆ ಮೂಸುತ್ತಾ ಬಾಟಲಿಗೆಷ್ಟಾಯಿತೆಂದು ಕೇಳಿದಳು. ಪುಟ್ಟಿ ಯೂರೋ ಲೆಕ್ಕ ಹೇಳಿ, ರೂಪಾಯಿಗೆ ತಿರುಗಿಸಿದಳು.

‘ಅಯ್ಯೋ, ಅದೇ ದುಡ್ಡಿಗೆ ಕೊಡಗಿಂದ ಎರಡು ಕೆ.ಜಿ. ಮೆಣಸೇ ಬರ್ತಿತ್ತಲ್ಲೇ!’