ಜಿಟಿಎಕ್ಸ್ 970 ಲಿನಕ್ಸ್‌ನಲ್ಲಿ ತೆವಳುವುದೇಕೆ?

ಪ್ರಶ್ನೆ: ಇಂಟೆಲ್ ಗ್ರಾಫಿಕ್ಸ್‌ನ ಸಾಧಾರಣ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ಸಲೀಸಾಗಿ ನಡೆಯುತ್ತದೆ. ದುಬಾರಿ ಎನ್ವಿಡಿಯಾ ಜಿಟಿಎಕ್ಸ್ 970 ಕಾರ್ಡಿನ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಆಟಗಳು ತೆವಳುತ್ತವೆ. ಯಾಕೆ?

ಉತ್ತರ: ಕಾರ್ಡಿನ ತಾಕತ್ತಿಗೇನೂ ಕೊರತೆಯಿಲ್ಲ, ತೊಡಕಿರುವುದು ಡ್ರೈವರಿನಲ್ಲಿ. ಇಂಟೆಲ್‌ನ ಎಂಜಿನಿಯರುಗಳೇ ಡ್ರೈವರ್ ಬರೆದು ಲಿನಕ್ಸ್ ಕರ್ನಲ್‌ಗೆ ಸೇರಿಸುತ್ತಾರೆ. ಎಎಂಡಿ ಕೂಡ 2007ರಲ್ಲಿ ಚಿಪ್‌ಗಳ ವಿವರ ಬಿಟ್ಟುಕೊಡತೊಡಗಿತು. ಎನ್ವಿಡಿಯಾ ಮಾತ್ರ ಬಹುಕಾಲ ಗುಟ್ಟು ಬಿಡಲಿಲ್ಲ. 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಎದುರೇ ಅದಕ್ಕೆ ನಡುಬೆರಳು ತೋರಿಸಿದ್ದು ಈ ಸಿಟ್ಟಿನಿಂದಲೇ.

ಲಿನಕ್ಸ್ ಜೊತೆಗೇ ಬರುವ ನೂವೋ ಎಂಬ ಮುಕ್ತ ಡ್ರೈವರ್, ಉತ್ಸಾಹಿಗಳು ಕಾರ್ಡಿನ ವರ್ತನೆಯನ್ನೇ ಗಮನಿಸಿ ಕಟ್ಟಿದ್ದು. ಅಸಾಧಾರಣ ಕೆಲಸವೇ. ಆದರೆ 970 ಆನ್ ಆಗುವುದು ತಗ್ಗಿದ ಕ್ಲಾಕ್ ವೇಗದಲ್ಲಿ. ಅದನ್ನು ಏರಿಸಲು ಕಂಪನಿಯ ಡಿಜಿಟಲ್ ಸಹಿಯಿರುವ ಫರ್ಮ್‌ವೇರ್ ಬೇಕು, ಅದು ನೂವೋ ಕೈಗೆ ಸಿಗಲೇ ಇಲ್ಲ. ಹಾಗಾಗಿ ಚಿತ್ರವೇನೋ ಮೂಡುತ್ತದೆ, ವೇಗ ಮಾತ್ರ ಮೊದಲ ಗೇರಿನಲ್ಲೇ ನಿಂತಿರುತ್ತದೆ.

2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ತೆರೆದಿಟ್ಟಿತು. ಅದರ ಲಾಭ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಆಮೇಲಿನ ಸರಣಿಗಳಿಗಷ್ಟೇ. 970ರಲ್ಲಿ ಆಟ ಆಡಬೇಕೆಂದರೆ ಕಂಪನಿಯ ಮುಚ್ಚಿದ ಡ್ರೈವರೇ ಗತಿ.