ಯಂತ್ರಕ್ಕೆ ಆಜ್ಞೆ ಮಾಡುವ ಬಗೆ

ರೋಬೋವನ್ನು ಮನುಷ್ಯನು ಯಾವ ವಿಧಾನದಿಂದ ನಡೆಸುವುದು ಉಚಿತವೆಂಬ ಪ್ರಶ್ನೆ ಎದ್ದಾಗ, ಯಂತ್ರದ ಜಾಣ್ಮೆಯನ್ನು ಅಳೆಯುವುದಕ್ಕೆ ಮುಂಚೆ, ನಡೆಸುವವನಿಗೆ ನೋಡಿ ಆಲೋಚಿಸಲು ಎಷ್ಟು ಕಾಲಾವಕಾಶವಿದೆಯೆಂಬುದನ್ನು ವಿಚಾರಿಸಬೇಕೆಂಬುದು ನನ್ನ ದೃಢವಾದ ನಂಬಿಕೆ.

ಬೆಂಗಳೂರಿನ ಕೆಂಗೇರಿಯಿಂದ ಪಶ್ಚಿಮಕ್ಕೆ, ದೊಡ್ಡ ಆಲದ ಮರದ ಆಚೆಗಿರುವ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಆಕಾಶಕ್ಕೆ ಕಿವಿಗೊಟ್ಟು ನಿಂತಿದೆ. ದೂರದ ನೌಕೆಗಳಿಂದ ಅದಕ್ಕೆ ಕೇಳಿಸಿದ್ದು ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರವಾದ ಇಸ್ಟ್ರ್ಯಾಕ್‌ಗೆ ತಲುಪುತ್ತದೆ. 2023ರ ಆಗಸ್ಟ್ 23ರ ಸಂಜೆ ಇಸ್ರೋದ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ, ಕಡೆಯ ಸುಮಾರು 19 ನಿಮಿಷಗಳಲ್ಲಿ ಪೀಣ್ಯದ ವಿಜ್ಞಾನಿಗಳು ಅದನ್ನು ನಡೆಸಲಿಲ್ಲ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇಲ್ಲಿಂದ ಹೊರಟ ಆಜ್ಞೆ ಅಲ್ಲಿಗೆ ಮುಟ್ಟಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು, ಅಲ್ಲಿಯ ವಾರ್ತೆ ಮರಳಲು ಮತ್ತೆ ಅಷ್ಟೇ. ಮಹಾವೇಗದಿಂದ ಧಾವಿಸುತ್ತ ಇಳಿಯುವ ನೌಕೆಗೆ ಇಷ್ಟು ವಿಳಂಬವೂ ಸಹ್ಯವಲ್ಲವಾದುದರಿಂದ, ನಿರ್ಧಾರದ ಭಾರವನ್ನೆಲ್ಲ ಅದರ ಒಳಗಿನ ಗಣಕಕ್ಕೇ ಒಪ್ಪಿಸಲಾಗಿತ್ತು.

ಆದರೆ ವಿಕ್ರಮ್‌ನ ಒಡಲಿನಿಂದ ಇಳಿದ 26 ಕಿಲೋ ತೂಕದ ಪ್ರಜ್ಞಾನ್‌ಗೆ ಬೇರೊಂದು ವ್ಯವಸ್ಥೆ. ಸೆಕೆಂಡಿಗೆ 1 ಸೆಂಟಿಮೀಟರಿನ ಮಂದಗತಿಯಿಂದ ಸಾಗುವ ಆ ಆರು ಗಾಲಿಯ ಬಂಡಿಗೆ ಅವಸರವೆಂಬುದಿರಲಿಲ್ಲ. ಅದರ ಎರಡು ಕ್ಯಾಮೆರಾಗಳು ತೆಗೆದ ಚಿತ್ರಗಳು ವಿಕ್ರಮ್ ಮೂಲಕ ಭೂಮಿಗೆ ಬಂದು, ಅವುಗಳಿಂದ ನೆಲದ ಉಬ್ಬುತಗ್ಗುಗಳ ನಕ್ಷೆ ಸಿದ್ಧವಾಗಿ, ಮುಂದಿನ ಕೆಲವೇ ಮೀಟರುಗಳ ಹಾದಿಯನ್ನು ಮನುಷ್ಯರು ಪರ್ಯಾಲೋಚಿಸಿ ನಿಶ್ಚಯಿಸಿದ ಮೇಲೆಯೇ ಆಜ್ಞೆ ಹೊರಡುತ್ತಿತ್ತು. ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿಯೊಂದು ಕಾಣಿಸಿಕೊಂಡಾಗ, ಬಂದ ದಾರಿಯಲ್ಲೇ ಹಿಂದಿರುಗೆಂದು ಅದಕ್ಕೆ ಅಪ್ಪಣೆಯಾಯಿತು. 1970ರಲ್ಲಿ ಸೋವಿಯತ್ ದೇಶದ ಐವರ ತಂಡ, ಬಿಟ್ಟುಬಿಟ್ಟು ಬರುತ್ತಿದ್ದ ನಿಶ್ಚಲ ಚಿತ್ರಗಳನ್ನೇ ನೆಚ್ಚಿ, ಚಂದ್ರನ ಮೇಲಿನ ಲೂನೊಖೋದ್ ಎಂಬ ಬಂಡಿಯನ್ನು ಭೂಮಿಯಿಂದ ನೇರವಾಗಿಯೇ ಓಡಿಸಿತ್ತು. ಆ ಸಾಹಸ ಶ್ಲಾಘ್ಯವೇ ಸರಿ, ಆದರೂ ನಿಂತು, ನೋಡಿ, ಬಳಿಕ ಹೆಜ್ಜೆಯಿಡುವ ಪ್ರಜ್ಞಾನ್‌ನ ಕ್ರಮವೇ ನನಗೆ ಹೆಚ್ಚು ಒಪ್ಪಿಗೆ.

ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡುವ ರೋಬೋ ತೋಳಿನ ವಿಷಯ ತೀರ ಭಿನ್ನ. ಅದಕ್ಕೆ ಕೆಲಸ ಕಲಿಸುವವನು ಪೆಂಡೆಂಟ್ ಎಂಬ ಕೈಪೆಟ್ಟಿಗೆಯನ್ನು ಹಿಡಿದು ಅದರ ಸಮೀಪದಲ್ಲೇ ನಿಲ್ಲಬೇಕಾಗುತ್ತದೆ. ಆ ಪೆಟ್ಟಿಗೆಯ ಸ್ವಿಚ್ಚಿಗೆ ಮೂರು ಸ್ಥಿತಿಗಳುಂಟು: ಹದವಾಗಿ ಒತ್ತಿ ಹಿಡಿದರೆ ಮಾತ್ರ ತೋಳು ಚಲಿಸುತ್ತದೆ, ಕೈ ಬಿಟ್ಟರೂ ನಿಲ್ಲುತ್ತದೆ, ಬಿಗಿಯಾಗಿ ಅದುಮಿದರೂ ನಿಲ್ಲುತ್ತದೆ. ಏಕೆಂದರೆ ಹಠಾತ್ತನೆ ಬೆದರಿದ ಮನುಷ್ಯನು ಹಿಡಿದುದನ್ನು ಕೈಬಿಡಲೂಬಹುದು, ಮುಷ್ಟಿ ಬಿಗಿಯಲೂಬಹುದು. ಯಾವುದನ್ನು ಮಾಡುವನೆಂದು ಅವನೇ ಮುಂಚಿತವಾಗಿ ಹೇಳಲಾರ. ಹಾಗೆ ಕಲಿಸುವಾಗ ತೋಳಿನ ವೇಗವು ಸೆಕೆಂಡಿಗೆ 250 ಮಿಲಿಮೀಟರನ್ನು ಮೀರಕೂಡದೆಂಬ ನಿಯಮವೂ ಉಂಟು. ಹತ್ತಿರ ನಿಂತವನು ಅದನ್ನು ಕಂಡು ಸರಿದುಕೊಳ್ಳಲು ಅಷ್ಟಾದರೂ ಸಮಯ ದೊರೆಯಬೇಕಷ್ಟೆ.