ಧ್ರುವದ ಕಣಜ ಮತ್ತು ಕರಗುವ ಹಿಮ

ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, ಉತ್ತರಧ್ರುವಕ್ಕೆ ಸುಮಾರು ೧೩೦೦ ಕಿಲೋಮೀಟರ್ ಈಚೆಗೆ, ಒಂದು ಗುಡ್ಡದ ಒಡಲನ್ನು ಕೊರೆದು ೨೦೦೮ರಲ್ಲಿ ಬೀಜಭಂಡಾರವೊಂದನ್ನು ತೆರೆದರು. ಲೋಕದ ಬೆಳೆಗಳ ಬೀಜಗಳನ್ನು ಆಪತ್ಕಾಲಕ್ಕೆಂದು ಕಾಪಿಡುವ ಕಣಜವದು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಕಳುಹಿಸಿದ ಜೋಳ, ಸಜ್ಜೆ, ತೊಗರಿ, ಕಡಲೆಗಳೂ ಅಲ್ಲಿವೆ. ಒಳಗೆ ಯಂತ್ರಗಳು ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ಶೈತ್ಯವನ್ನು ಕಾಯ್ದಿರಿಸುತ್ತವೆ. ಅವು ನಿಂತರೂ ಸದಾ ಹೆಪ್ಪುಗಟ್ಟಿದ ಆ ನೆಲವೇ ಬೀಜಗಳನ್ನು ಸಲಹುವುದೆಂಬುದು ಕಟ್ಟಿದವರ ನಂಬಿಕೆಯಾಗಿತ್ತು. ೨೦೧೬ರ ಅಕ್ಟೋಬರಿನಲ್ಲಿ ಹಿಮ ಬೀಳಬೇಕಾದಲ್ಲಿ ಭಾರಿ ಮಳೆ ಸುರಿದು, ನೀರು ಪ್ರವೇಶದ ಸುರಂಗದೊಳಕ್ಕೆ ನುಗ್ಗಿ ಅಲ್ಲಿಯೇ ಗಡ್ಡೆಕಟ್ಟಿತು. ಬೀಜಗಳಿಗೆ ಹಾನಿಯಾಗಲಿಲ್ಲ, ನಂಬಿಕೆಗೆ ಆಯಿತು.

೧೯೭೯ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿದೆ. ಒಲೆಗೆ ದೂರದಲ್ಲಿಟ್ಟ ಪಾತ್ರೆಯೇ ಬೇಗ ಕಾಯುವುದೆಂದರೆ ಯಾರಿಗಾದರೂ ಸೋಜಿಗವೆನಿಸೀತು. ಆದರೆ ಸ್ವೀಡನ್ನಿನ ಸ್ವಾಂಟೆ ಅರ್ರೇನಿಯಸ್ ೧೮೯೬ರಷ್ಟು ಹಿಂದೆಯೇ, ಕಾಗದದ ಮೇಲೆ ಲೆಕ್ಕಹಾಕಿ, ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದರೆ ಧ್ರುವದತ್ತಣ ಅಕ್ಷಾಂಶಗಳಲ್ಲಿಯೇ ತಾಪದ ಏರಿಕೆ ಅಧಿಕವೆಂದು ಹೇಳಿದ್ದರು.

ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಹಿಂದಕ್ಕಟ್ಟುತ್ತದೆ. ತೆರೆದ ಕಡಲು ಸಾಮಾನ್ಯವಾಗಿ ಹತ್ತನ್ನೂ ಹಿಂದಿರುಗಿಸದು. ಮಂಜುಗಡ್ಡೆ ಕರಗಿದಷ್ಟೂ ಕರಿನೀರು ಬಯಲಾಗಿ, ಬಿಸಿಲನ್ನು ಹೀರಿ, ಉಳಿದ ಗಡ್ಡೆಯನ್ನು ಕರಗಿಸುತ್ತದೆ. ೧೯೭೯ರ ಸೆಪ್ಟೆಂಬರಿನಲ್ಲಿ ಕಡಲ ಮಂಜು ಸುಮಾರು ೭೦ ಲಕ್ಷ ಚದರ ಕಿಲೋಮೀಟರ್ ಹರಡಿತ್ತು. ೨೦೧೨ರ ಅದೇ ತಿಂಗಳಲ್ಲಿ ಸುಮಾರು ೩೪ ಲಕ್ಷಕ್ಕೆ ಇಳಿಯಿತು.

ಇಷ್ಟಕ್ಕೇ ವಿವರಣೆಯನ್ನು ನಿಲ್ಲಿಸುವವರು ಬಹಳ. ಆದರೆ ಬಿಸಿಲಿರುವುದು ಬೇಸಗೆಯಲ್ಲಿ. ತಾಪ ಹೆಚ್ಚಾಗಿ ಏರಿರುವುದು ಶರತ್ತಿನಲ್ಲಿ, ಸೂರ್ಯನೇ ಕಾಣದ ಚಳಿಗಾಲದಲ್ಲಿ! ಬೇಸಗೆಯ ಶಾಖವೆಲ್ಲ ಗಡ್ಡೆ ಕರಗಿಸುವುದಕ್ಕೂ ನೀರು ಕಾಯಿಸುವುದಕ್ಕೂ ವ್ಯಯವಾಗುತ್ತದೆ. ಕರಗುತ್ತಿರುವ ಮಂಜಿನ ಮೇಲಣ ಗಾಳಿ ಸೊನ್ನೆ ಡಿಗ್ರಿಯನ್ನು ಬಹಳವಾಗಿ ದಾಟದು. ಕಡಲು ಕೂಡಿಟ್ಟ ಆ ಸಾಲವನ್ನು ಕತ್ತಲೆಯ ತಿಂಗಳುಗಳಲ್ಲಿ ಗಾಳಿಗೆ ತೀರಿಸುತ್ತದೆ. ತೆಳುವಾದ ಗಡ್ಡೆ ಅದನ್ನು ತಡೆಯಲಾರದು. ಉಷ್ಣವಲಯದಲ್ಲಿ ಕಾದ ಗಾಳಿ ಮೇಲೇರಿ ಬಿಸಿಯನ್ನು ಎತ್ತರಕ್ಕೆ ಹಂಚಿಬಿಡುತ್ತದೆ. ಧ್ರುವದಲ್ಲಿಯಾದರೋ ತಣ್ಣನೆಯ ಭಾರವಾದ ಗಾಳಿ ನೆಲಕ್ಕೆ ಹೊಂದಿ ಮಲಗಿರುತ್ತದೆ. ಬಂದ ಬಿಸಿ ಆ ತೆಳುಪದರದಲ್ಲಿಯೇ ಸಿಕ್ಕಿಬೀಳುತ್ತದೆ.

ತೇಲುವ ಮಂಜು ಕರಗಿದರೆ ಕಡಲಮಟ್ಟ ಏರುವುದು ಅತ್ಯಲ್ಪ. ಗ್ರೀನ್‌ಲೆಂಡಿನ ನೆಲದ ಮೇಲಿನ ಹಿಮದ ಮಾತು ಬೇರೆ: ಅದೆಲ್ಲ ಕರಗಿದರೆ ಸಮುದ್ರ ಸುಮಾರು ೭ ಮೀಟರ್ ಮೇಲೇರುತ್ತದೆ. ಅದಕ್ಕೆ ಶತಮಾನಗಳೇ ಬೇಕು, ನಿಜ, ಕರಗುವಿಕೆಯಂತೂ ಮೊದಲಾಗಿದೆ.

ಸ್ವಾಲ್‌ಬಾರ್ಡಿನ ಕಣಜದ ಸುರಂಗವನ್ನು ನೀರು ಸೋರದ ಕಾಂಕ್ರೀಟಿನಿಂದ ಮತ್ತೆ ಕಟ್ಟಿದರು. ಕಾಮಗಾರಿ ೨೦೧೯ರಲ್ಲಿ ಮುಗಿಯಿತು. ಬಿಸಿ ಉಗುಳುವ ಶೀತಕ ಯಂತ್ರಗಳಿಗೆ ಈಗ ಹೊರಗೆ ಬೇರೊಂದು ಕಟ್ಟಡವಿದೆ.